ಕೆಂಪಿ ಬಿಟ್ಟುಕೊಟ್ಟ ವೀರರಾಯ ಹಣ

ನಮ್ಮ ಕೋತಗಿರಿ ಕಡೆ ಸೇವಾ ಸಂಘದ ಕಥೆ ಹೇಳುವವರೆಲ್ಲ ಬೆಳ್ಳಿಯ ಹೆಸರು ಹೇಳುತ್ತಾರೆ. ಅವನ ತಾಯಿ ಕೆಂಪಿಯನ್ನು ಮರೆಯುತ್ತಾರೆ. ಆದರೆ ಸಂಘ ಹುಟ್ಟಿದ್ದು ಅವಳ ಮನೆಮುಂದಿನ ಜಗಲಿಯಲ್ಲಿ, ಆ ತಿಣ್ಣೆಯ ಮೇಲೆ.

ಮಹಾಯುದ್ಧ ಮುಗಿದ ವರ್ಷದ ವಿಷಜ್ವರದಲ್ಲಿ ಅವಳ ಗಂಡ, ಆಸ್ಪತ್ರೆಗೆ ಹೊರುವವರಿಲ್ಲದೆ ಮನೆಯಲ್ಲೇ ತೀರಿಕೊಂಡ. ಆ ಸಂಕಟದಲ್ಲಿ ಬೆಳ್ಳಿ ತನ್ನ ಗೆಳೆಯ ಹಾಲನ್‌ನನ್ನೂ ಹಟ್ಟಿಯ ಇನ್ನಷ್ಟು ಹುಡುಗರನ್ನೂ ಕೂಡಿಸಿದ. ಬಿದಿರಿಗೆ ಕಂಬಳಿ ಕಟ್ಟಿದರೆ ಅದೇ ಜೋಲಿ. ಯಾವ ಹಟ್ಟಿಯಲ್ಲಿ ಯಾರು ಮಲಗಿದರೂ ಹೊತ್ತು ಆಸ್ಪತ್ರೆಗೆ ಮುಟ್ಟಿಸಬೇಕು, ಕೂಲಿ ಮುಟ್ಟಬಾರದು. ಸಂಘದ ಕಟ್ಟಳೆ ಇಷ್ಟೇ. ನೆನೆದ ಕಂಬಳಿ ಒಣಗಿಸುವುದು, ಹುಡುಗರಿಗೆ ರಾಗಿ ಹಿಟ್ಟು ಬೇಯಿಸುವುದು ಕೆಂಪಿಯ ಪಾಲಿಗೆ ಬಂತು.

"ಸಂಘ ನಿಮ್ಮದು, ಸೌದೆ ಮಾತ್ರ ಎನ್ನದು!" ಎಂದು ಗೊಣಗುತ್ತಲೇ ಬಡಿಸುತ್ತಿದ್ದಳು.

ಅವಳಿಗೆ ತನ್ನದೆಂದು ಉಳಿದಿದ್ದುದು ಒಂದು ವೀರರಾಯ ಹಣ. ಹುರುಳಿ ಕಾಳಿನಷ್ಟು ಪುಟ್ಟ ಚಿನ್ನದ ನಾಣ್ಯ. ನಮ್ಮ ಬಡಗರಲ್ಲಿ ಪ್ರಾಣ ಹೋಗುವ ಹೊತ್ತಿಗೆ ಅದಕ್ಕೆ ಬೆಣ್ಣೆ ಸವರಿ ನಾಲಗೆಯ ಮೇಲಿಡುತ್ತಾರೆ. ಅದಿಲ್ಲದೆ ಹೋದ ಜೀವ ಪರಲೋಕದ ದಾರಿಯ ನೂಲಿನ ಸೇತುವೆ ದಾಟಲಾರದೆ ಈಚೆಯೇ ನಿಲ್ಲುತ್ತದೆಂದು ಹಿರಿಯರ ಮಾತು. ಗಂಡನಿಗೆ ಒಂದನ್ನಿಟ್ಟ ಮೇಲೆ ಉಳಿದದ್ದನ್ನು ಕೆಂಪಿ ಸೆರಗಿನ ತುದಿಗೆ ಗಂಟು ಹಾಕಿಕೊಂಡೇ ಓಡಾಡುತ್ತಿದ್ದಳು.

ಒಂದು ಕಾರ್ತಿಕದ ಮಳೆಯಲ್ಲಿ ಜೋಲಿ ಅವಳ ತಿಣ್ಣೆಯ ಮೇಲೆ ಇಳಿಯಿತು. ಅದರಲ್ಲಿದ್ದವಳು ಕೆಳಹಟ್ಟಿಯ ಮುದುಕಿ ಮಾದಿ, ಯಾರೂ ಇಲ್ಲದವಳು. ಆಸ್ಪತ್ರೆ ಮುಟ್ಟುವ ಜೀವವಲ್ಲ ಎಂಬುದು ಉಸಿರಿನಲ್ಲೇ ತಿಳಿಯುತ್ತಿತ್ತು. ತನ್ನ ಹಣವನ್ನು ಅವಳು ವಿಷಜ್ವರದ ವರ್ಷವೇ ಮಗಳ ಬಾಯಿಗೆ ಇಟ್ಟುಬಿಟ್ಟಿದ್ದಳು. ಈಗ "ಹಣ, ಹಣ" ಎಂದು ಅದನ್ನೇ ಕೇಳುತ್ತಿದ್ದಳು.

ಬೆಳ್ಳಿ ಒಳಗೆ ಬಂದ. "ಅವ್ವೆ, ನಿನ್ನ ಗಂಟು ಬಿಚ್ಚು."

"ಅಯ್ಯೊ! ನಾಳೆ ಎನ್ನ ಬಾಯಿಗೆ ಏನ ಇಡುವೆ? ಆಲೂಗಡ್ಡೆಯಾ?"

"ಬೇರೆ ತಂದುಕೊಡುವೆ."

"ಎಲ್ಲಿಂದ? ಗಿಡದಲ್ಲಿ ಕಾಯ್ತದಾ?"

"ಒಂದು ಸಲ ಹೊರಗೆ ಬಂದು ನೋಡವ್ವೆ. ಆಮೇಲೆ ಬೇಡ ಎನ್ನು."

ಕೆಂಪಿ ಬಂದು ನೋಡಿದಳು. ಮಾದಿಯ ಬಾಯಿ ಹಕ್ಕಿಮರಿಯ ಬಾಯಂತೆ ತೆರೆದೇ ಇತ್ತು. ಕೆಂಪಿ ಹಲ್ಲಿನಿಂದ ಗಂಟು ಕಚ್ಚಿ ಬಿಚ್ಚಿದಳು. ಹೆಂಗಸರು ಕಾಲಿಡದ ಹಾಲುಕೋಣೆಯಿಂದ ಬೆಳ್ಳಿ ಬೆಣ್ಣೆ ತಂದ. ಹಣವನ್ನು ಮಾದಿಯ ನಾಲಗೆಯ ಮೇಲೆ ಕೆಂಪಿಯ ಕೈಯೇ ಇಟ್ಟಿತು.

ಆಮೇಲೆ ಬೆಳ್ಳಿ ಕೋತಗಿರಿ, ಊಟಿಯ ಅಕ್ಕಸಾಲಿಗರನ್ನೆಲ್ಲ ವಿಚಾರಿಸಿದ. ಹಳೆಯ ಹಣವೆಲ್ಲ ಕರಗಿ ಓಲೆಯಾಗಿದೆ ಎಂದರು. ಮರುವರ್ಷದ ಮಳೆಯಲ್ಲಿ, ರೋಗಿಯನ್ನು ಹೊತ್ತು ತುಂಬಿದ ಹಳ್ಳ ದಾಟಿದ ಬೆಳ್ಳಿಗೆ ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಯೂ ಅವನನ್ನು ಕೈಬಿಟ್ಟು ಮನೆಗೆ ಕಳಿಸಿತು.

ಕೊನೆಯ ಹೊತ್ತಿಗೆ ಕೆಂಪಿಯ ಕೈ ತಾನಾಗಿ ಸೆರಗಿನ ತುದಿಗೆ ಹೋಯಿತು. ಅಲ್ಲಿ ಬರಿಯ ಸುಕ್ಕು. ಅಷ್ಟರಲ್ಲಿ ಹಾಲನ್ ಓಡಿಬಂದು ಅಂಗೈ ಬಿಚ್ಚಿದ. ಅವನ ತಾಯಿಯ ಹಣ ಮಿನುಗಿತು.

"ನಿನ್ನ ಅವ್ವೆಯ ಕೇಳಿ ತಂದೆಯಾ?"

ಹಾಲನ್ ತಲೆ ತಗ್ಗಿಸಿದ.

"ಇದ್ದಲ್ಲೇ ಇಟ್ಟು ಬಾ, ಮಗ. ಬರಿಗಂಟು ಹೇಗಿರುತ್ತದೆಂದು ಎನಗ ಗೊತ್ತು. ಬೆಣ್ಣೆ ಮಾತ್ರ ತಾ."

ಬರಿಯ ಬೆಣ್ಣೆಯನ್ನೇ ಮಗನ ನಾಲಗೆಗೆ ಸವರಿ, ಕಿವಿಯ ಹತ್ತಿರ ಬಾಗಿದಳು. "ಹೆದರಬೇಡ. ಅಲ್ಲಿ ಮಾದಿ ಇರುವಳು. ನಮ್ಮ ಹಣ ಅವಳ ಬಾಯಲ್ಲಿದೆ. ಕೈಹಿಡಿದು ದಾಟಿಸು ಎಂದು ಕೇಳು."

ಸಂಘ ಆಮೇಲೂ ನಡೆಯಿತು. ಹಟ್ಟಿಗೆ ಮೋಟಾರು ರಸ್ತೆ ಬಂದ ಮೇಲೆ ಜೋಲಿ ಮೂಲೆ ಸೇರಿತು. ಅದಕ್ಕೂ ಮುಂಚೆ, ಕೆಂಪಿ ಹಾಸಿಗೆ ಹಿಡಿದಾಗ, ಹಾಲನ್ ಮೈಸೂರಿನ ಕಡೆಯಿಂದ ಹೇಗೋ ಒಂದು ವೀರರಾಯ ಹಣ ತಂದ. ಅದನ್ನಿಡಲು ಅವಳು ಬಾಯಿ ತೆರೆಯಲಿಲ್ಲ. ಮುಖವನ್ನು ಗೋಡೆಗೆ ತಿರುಗಿಸಿದಳು.

"ಬೆಳ್ಳಿ ಇನ್ನೂ ಈಚೆಯೇ ನಿಂತಿದ್ದರೆ, ಅವನ ಬಿಟ್ಟು ನಾ ಹೇಗೆ ದಾಟಲಿ?" ಎಂದಳು.