ಒಂದೇ ಸುತ್ತು

ಹಸಿ ಮಾವಿನ ಮರ ಕೊಯ್ದಾಗ ಬರುವ ಸೊನೆಯ ವಾಸನೆ ನಿಮಗೆ ಗೊತ್ತಿರಬಹುದು. ಉಪ್ಪಿನಕಾಯಿಗೆಂದು ಮಿಡಿಯ ತೊಟ್ಟು ಮುರಿದಾಗಲೂ ಅದೇ ವಾಸನೆ ಬರುತ್ತದೆ, ಆದರೆ ಅದು ಬಾಯಲ್ಲಿ ನೀರೂರಿಸುತ್ತದೆ. ಮರದ್ದು ಗಂಟಲಲ್ಲಿ ಇಳಿದು ಕೂತುಬಿಡುತ್ತದೆ. ಕಳೆದ ತಿಂಗಳು ಒಂದು ಬೆಳಿಗ್ಗೆ ಕರೆಂಟಿನವರು ಕಾರವಾರದ ನಮ್ಮ ಓಣಿಗೆ ಬಂದು, ಮಳೆಗಾಲಕ್ಕೆ ಮುಂಚೆ ತಂತಿಗೆ ತಾಗುವ ಕೊಂಬೆಗಳನ್ನು ಮಶಿನ್ನಿನಿಂದ ಕೊಯ್ಯುತ್ತಿದ್ದರು. ನಾನು ಚಹಾದ ಲೋಟ ಹಿಡಿದು ಗೇಟಿನ ಬಳಿ ನಿಂತಿದ್ದೆ. ಪಕ್ಕದ ಮನೆಯ ನಿವೃತ್ತ ಕಂಡಕ್ಟರು ಅವರಲ್ಲೊಬ್ಬನಿಗೆ ನನ್ನನ್ನು ತೋರಿಸಿ, "ಇವ್ರೂ ನಿಮ್ದೇ ಕೆಲ್ಸದವ್ರು. ಭಾವ ಮರದ ಮೇಲೆ ಸಾಯುಕೆ ಬಿದ್ದಾಗ ಅಂಗೈ ಸುಟ್ರೂ ಹಗ್ಗ ಬಿಡ್ಲಿಲ್ಲ" ಎಂದರು. ಆತ ಗೌರವದಿಂದ ನನ್ನ ಕೈ ನೋಡಿದ. ನಾನು ಉಳಿದ ಚಹಾವನ್ನು ಗಿಡದ ಬುಡಕ್ಕೆ ಚೆಲ್ಲಿ ಒಳಗೆ ಬಂದೆ.

ಈ ಹೊಗಳಿಕೆ ನನಗೆ ಹೊಸದಲ್ಲ. ಹದಿನೈದು ವರ್ಷಕ್ಕೂ ಮೇಲಾಯಿತು, ಕೇಳುತ್ತಲೇ ಇದ್ದೇನೆ. ಅದು ಸುಳ್ಳು.

ನಾನು ಮೂಲತಃ ಮರದ ಕೆಲಸದವನಲ್ಲ. ಕಾರವಾರದ ಒಂದು ಸಣ್ಣ ಛಾಪಖಾನೆಯಲ್ಲಿ ಹದಿನಾಲ್ಕು ವರ್ಷ ಸೀಸದ ಅಕ್ಷರದ ಮೊಳೆ ಜೋಡಿಸಿದವನು. ಲಗ್ನಪತ್ರಿಕೆ, ನಾಟಕದ ಹ್ಯಾಂಡ್‌ಬಿಲ್ಲು, ಉತ್ತರಕ್ರಿಯೆಯ ಕಾರ್ಡು. ತಾಲೂಕಿನ ಅರ್ಧ ಜನರ ಸುಖದುಃಖ ನನ್ನ ಬೆರಳುಗಳ ನಡುವೆ ತಲೆಕೆಳಗಾಗಿ ಹಾದುಹೋಗಿದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಪಕ್ಕದ ಗಲ್ಲಿಯಲ್ಲಿ ಕಂಪ್ಯೂಟರ್ ಬಂತು, ನಮ್ಮ ಛಾಪಖಾನೆಯ ಬಾಗಿಲು ಮುಚ್ಚಿತು. ಮೂವತ್ತೈದು ದಾಟಿದ ನನ್ನಂಥವನಿಗೆ ಬೇರೆ ಏನು ಬರುತ್ತಿತ್ತು ಹೇಳಿ? ಕಾಗುಣಿತದ ತಪ್ಪು ಹುಡುಕಲು ಬರುತ್ತಿತ್ತು. ಅದಕ್ಕೆ ಯಾರೂ ಕೆಲಸ ಕೊಡುವುದಿಲ್ಲ.

ಹಟ್ಟಿಕೇರಿಯಲ್ಲಿದ್ದ ಅಕ್ಕ ಹೇಳಿಕಳಿಸಿದಳು. ಭಾವನಿಗೆ ಕೆಳಗೆ ಹಗ್ಗ ಹಿಡಿಯಲು ಒಬ್ಬ ಬೇಕಂತೆ, ಬಾ ಎಂದು. ಭಾವನ ಹೆಸರು ಹಮ್ಮಣ್ಣ. ಊರವರು ಮರದ ಹಮ್ಮಣ್ಣ ಎನ್ನುತ್ತಿದ್ದರು. ಉದ್ದ ಕೈಯ, ಕಡಿಮೆ ಮಾತಿನ ಮನುಷ್ಯ. ಇಡೀ ಮರ ಕೆಡವುವ ಕೆಲಸವನ್ನು ಆತ ಒಪ್ಪುತ್ತಿರಲಿಲ್ಲ. ಅದಕ್ಕೆ ಬೇರೆಯವರಿದ್ದಾರೆ ಎಂದು ಕಳಿಸಿಬಿಡುತ್ತಿದ್ದ. ಮನೆಯ ಹಂಚಿನ ಮೇಲೆ ಬಾಗಿದ ಕೊಂಬೆ ಇಳಿಸುವುದು, ಒಣಗಿದ್ದನ್ನು ಬಿಡಿಸುವುದು, ಈಶಾಡು ಮಾವಿನ ಮರಗಳಿಗೆ ಅಂಟಿಕೊಂಡು ಅವುಗಳ ರಸ ಹೀರುವ ಬಂದಳಿಕೆ ತೆಗೆಯುವುದು ಅವನ ಕೆಲಸ. ಕೊಯ್ದ ಜಾಗಕ್ಕೆ ಸುಣ್ಣ, ಮೈಲುತುತ್ತ ಕಲಸಿ ಬಳಿಯುತ್ತಿದ್ದ. ಕೆಲಸ ಮುಗಿದು ಹದಿನೈದು ದಿನಕ್ಕೆ ಆ ದಾರಿಯಲ್ಲಿ ಹೋಗುವಾಗ ಮೊಪೆಡ್ ನಿಲ್ಲಿಸಿ, ಯಾರದೋ ಬೇಲಿಯಾಚೆಯಿಂದ ಗಾಯ ಹೇಗೆ ಮಾಯುತ್ತಿದೆ ಎಂದು ನೋಡುತ್ತಿದ್ದ. ಮನೆಯವರಿಗೆ ಗೊತ್ತೂ ಆಗುತ್ತಿರಲಿಲ್ಲ.

ಬೆಳಿಗ್ಗೆ ಗಂಜಿ ಉಂಡು ಹೊರಟರೆ ತೋಡೂರಿನಿಂದ ಅಂಕೋಲೆಯ ತನಕ ಎಲ್ಲಿ ಕರೆ ಬಂದರೆ ಅಲ್ಲಿಗೆ. ಭಾವ ಮೊದಲು ಮರದ ಸುತ್ತ ಎರಡು ಸಲ ನಡೆಯುತ್ತಿದ್ದ. ಅಲ್ಲಲ್ಲಿ ಕತ್ತಿಯ ಹಿಡಿಯಿಂದ ತಟ್ಟಿ ಕಿವಿಗೊಡುತ್ತಿದ್ದ. ಆಮೇಲೆ ಸೊಂಟಕ್ಕೆ ಹಗ್ಗ ಬಿಗಿದು ಹತ್ತುತ್ತಿದ್ದ. ಎತ್ತರವೆಂದರೆ ನನಗೆ ಜೀವಭಯ; ಛಾಪಖಾನೆಯ ಅಟ್ಟದ ಏಣಿಯನ್ನೂ ನಾನು ದೇವರ ಹೆಸರು ಹೇಳಿಯೇ ಹತ್ತಿದವನು. ಹಾಗಾಗಿ ನನಗೆ ನೆಲವೇ ಸ್ವರ್ಗ. ಚಗಳಿ ಇರುವೆಗಳು ಭಾವನ ಕುತ್ತಿಗೆ ಕಚ್ಚುವಾಗ ಕೆಳಗಿನಿಂದ ಸಮಾಧಾನ ಹೇಳುವುದು ಬಹಳ ಸುಲಭವಿತ್ತು.

ನನ್ನ ಕೆಲಸ ಇಷ್ಟೇ. ಕೊಯ್ಯುವ ಕೊಂಬೆಗೆ ಭಾವ ಹಗ್ಗ ಕಟ್ಟಿ, ಮೇಲಿನ ಕವಲಿನಿಂದ ದಾಟಿಸಿ ಕೆಳಗೆ ಬಿಡುತ್ತಿದ್ದ. ಅದರ ತುದಿಯನ್ನು ನಾನು ಹತ್ತಿರದ ತೆಂಗಿನ ಮರಕ್ಕೆ ಮೂರು ಸುತ್ತು ಹಾಕಿ ಹಿಡಿಯಬೇಕು. ಕೊಂಬೆ ಕಳಚಿದಾಗ ಭಾರವನ್ನು ಸುತ್ತುಗಳೇ ತಡೆಯುತ್ತವೆ. ನಾನು ಇಷ್ಟಿಷ್ಟೇ ಸಡಿಲಿಸಿದರೆ ಕೊಂಬೆ ಮೆಲ್ಲಗೆ ನೆಲಕ್ಕೆ ಬರುತ್ತದೆ. ಮೂರು ಸುತ್ತು. ಮೊದಲ ದಿನವೇ ಹೇಳಿಕೊಟ್ಟಿದ್ದ. ನಾಲ್ಕು ವರ್ಷ ತಪ್ಪಲಿಲ್ಲ.

ಅವರ್ಸಾದಲ್ಲಿ ಶಾಲೆಯಿಂದ ನಿವೃತ್ತರಾದ ಒಬ್ಬರು ಅಕ್ಕೋರು ಇದ್ದರು. ಅವರ ಮನೆಯ ಹಂಚಿನ ಮೇಲೆ ಮಾವಿನ ಕೊಂಬೆ ಒರಗಿತ್ತು. ಮೇ ತಿಂಗಳ ಕೊನೆ, ಕಡಲಿನ ಕಡೆ ಮೋಡ ಕಪ್ಪಾಗಿತ್ತು. ಭಾವ ಮೇಲೆ ಕೂತು ಹಗ್ಗ ಇಳಿಬಿಟ್ಟ. ನಾನು ಒಂದು ಸುತ್ತು ಹಾಕಿದ್ದೆನಷ್ಟೆ, ಅಕ್ಕೋರು ನನ್ನ ಮುಖವನ್ನೇ ನೋಡುತ್ತ, ತಮ್ಮ ಬೀಳ್ಕೊಡುಗೆಯ ಆಮಂತ್ರಣ ಪತ್ರಿಕೆ ಮಾಡಿಕೊಟ್ಟವರು ನೀವೇ ಅಲ್ಲವೇ ಎಂದು ಕೇಳಿದರು. ಒಂದೂ ತಪ್ಪಿರಲಿಲ್ಲ, ಇನ್ನೂ ಪೆಟ್ಟಿಗೆಯಲ್ಲಿಟ್ಟಿದ್ದೇನೆ ಎಂದರು. ನಾಲ್ಕು ವರ್ಷದಲ್ಲಿ ನನ್ನನ್ನು ಹಾಗೆ ಗುರುತಿಸಿದವರು ಬೇರೆ ಯಾರೂ ಇರಲಿಲ್ಲ. ನಾನು ಅವರ ಕಡೆ ತಿರುಗಿದೆ. ಆ ಕಾರ್ಡಿನ ಅಂಚಿಗೆ ಯಾವ ಬಳ್ಳಿಯ ಬ್ಲಾಕು ಬಳಸಿದ್ದೆ ಎಂದು ವಿವರಿಸತೊಡಗಿದೆ.

ಮೇಲೆ ಮರ ಲಟಕ್ಕೆಂದಿತು. ಹಗ್ಗ ನನ್ನ ಅಂಗೈಗಳ ನಡುವಿನಿಂದ ಬೆಂಕಿಯ ಹಾಗೆ ಓಡಿತು. ನಾನು ಹಿಡಿಯಲಿಲ್ಲ. ಉರಿ ತಾಳದೆ ಬಿಟ್ಟುಬಿಟ್ಟೆ. ಕೊಂಬೆಯ ತುದಿ ಹಂಚಿಗೆ ಬಡಿದು, ಬುಡ ಹಿಂದಕ್ಕೆ ಒದ್ದು ಭಾವನ ಬಲಭುಜವನ್ನು ಕಾಂಡಕ್ಕೆ ಜಜ್ಜಿತು. ಆತ ಕೂತಲ್ಲಿಂದ ಜಾರಿ ಸೊಂಟದ ಹಗ್ಗದಲ್ಲಿ ತೂಗಿದ. ಹತ್ತಿ ಹೋಗಿ ಅವನನ್ನು ಹಿಡಿಯಬೇಕಿತ್ತು. ನನ್ನ ಕಾಲು ಏಳಲಿಲ್ಲ. ಕೊನೆಗೆ ಭಾವನೇ ಎಡಗೈಯಿಂದ ಕೊಂಬೆ ಹಿಡಿದು, ಕಾಲೂರಿ, ಒಂದೊಂದೇ ಗೇಣು ಇಳಿದು ಬಂದ.

ಅಂಕೋಲೆಯ ಆಸ್ಪತ್ರೆಯಲ್ಲಿ ನನ್ನ ಸುಲಿದ ಅಂಗೈಗಳನ್ನು ಮೊದಲು ಕಂಡವನು ನಮ್ಮನ್ನು ಕರೆತಂದ ರಿಕ್ಷಾದವನು. ಹಗ್ಗ ಬಿಡದೆ ಭಾವನನ್ನು ಉಳಿಸಿದ್ದಾನೆ ಎಂದು ಅವನೇ ಹೇಳಿದ. ಅಲ್ಲಿ ನೆರೆದವರು ತಲೆಯಾಡಿಸಿದರು. ಏನಾಯಿತು ಎಂದು ಕೇಳಿದವರಿಗೆ ಭಾವ, ಟೊಂಗೆ ಟೊಳ್ಳಿತ್ತು ಎಂದಷ್ಟೇ ಹೇಳಿದ. ಅಕ್ಕ ಓಡಿ ಬಂದವಳು ಗಂಡನನ್ನು ನೋಡಿ, ಆಮೇಲೆ ನನ್ನ ಎರಡೂ ಕೈಗಳನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. "ನೀ ಇಲ್ದಿದ್ರೆ ನಂಗೆ ಕುಂಕುಮ ಇರ್ತಿರ್ಲಿಲ್ಲ ತಮಾ" ಎಂದು ಅತ್ತಳು. ಭಾವ ಮಂಚದ ಮೇಲಿಂದ ನನ್ನನ್ನು ನೋಡುತ್ತಿದ್ದ. ಹೇಳಲು ಅದೇ ಹೊತ್ತು. ನಾನು ಹೇಳಲಿಲ್ಲ.

ಮಾರನೆಯ ದಿನ ಅಕ್ಕೋರು ಎಳನೀರು ತಂದರು. ಮೋಡ ಹಾಕಿದ ದಿನ ಕರೆಸಿದ್ದು ತನ್ನದೇ ತಪ್ಪು ಎಂದು ಕಣ್ಣೊರೆಸಿಕೊಂಡರು. ಅವರಿಗೂ ನಾನು ಹೇಳಲಿಲ್ಲ. ಈಗ ಅವರಿಲ್ಲ.

ಆ ಮಳೆಗಾಲವೆಲ್ಲ ಅಕ್ಕ ಗಂಡನ ಭುಜಕ್ಕೆ ಎಣ್ಣೆ ತಿಕ್ಕಿದಳು, ನನ್ನ ಕೈಗೆ ತುಪ್ಪ ಹಚ್ಚಿದಳು. ಕೈ ವಾಸಿಯಾಯಿತು. ಭುಜ ಆಗಲಿಲ್ಲ; ಭಾವನ ಬಲಗೈ ಎದೆಯ ಮಟ್ಟದಿಂದ ಮೇಲೇರುತ್ತಿರಲಿಲ್ಲ. ದೀಪಾವಳಿ ಕಳೆದು ಹಣಕೋಣದಿಂದ ಹಲಸಿನ ಕೊಂಬೆಯ ಕೆಲಸಕ್ಕೆ ಕರೆ ಬಂದಾಗ, ಇನ್ನು ಈ ಕಸುಬು ಮುಗಿಯಿತು ಎಂದುಕೊಂಡಿದ್ದೆ. ಮರದ ಕೆಳಗೆ ನಿಂತು ಭಾವ ಸೊಂಟದ ಹಗ್ಗವನ್ನು ನನ್ನ ಕೈಗೆ ಕೊಟ್ಟ.

"ನೀ ಹತ್ತು. ಹಗ್ಗ ನಾ ಹಿಡಿತೆ."

ನನ್ನಿಂದ ಆಗದು ಎಂದೆ. ಆತ ಒತ್ತಾಯಿಸಲಿಲ್ಲ, ಹಗ್ಗ ಹಿಂದಕ್ಕೆ ಪಡೆಯಲೂ ಇಲ್ಲ. ಹತ್ತಿದೆ. ಎರಡಾಳೆತ್ತರದಲ್ಲಿ ಒಂದು ಕೊಂಬೆಯನ್ನು ತಬ್ಬಿ ನಿಂತುಬಿಟ್ಟೆ. ಕೆಳಗೆ ನೋಡಬೇಡ ಎಂದು ಎಲ್ಲರೂ ಹೇಳುತ್ತಾರಲ್ಲ. ಭಾವ ಅದಕ್ಕೆ ವಿರುದ್ಧ. "ಕೆಳಗ್ ನೋಡು. ನಾ ನಿಂತದ್ದು ಎಲ್ಲಿ ನೋಡ್ಕೊ, ಮತ್ತೆ ಹತ್ತು" ಎಂದ. ನೋಡಿದೆ. ಎಡಗೈಯಿಂದಲೇ ಕೊಂಬೆ ಇಳಿಸುವ ಹಗ್ಗವನ್ನು ಪಕ್ಕದ ತೆಂಗಿನ ಮರಕ್ಕೆ ಸುತ್ತುತ್ತಿದ್ದ. ಒಂದು, ಎರಡು, ಮೂರು. ಬಲಗೈ ಆಸರೆಗೆ ಮಾತ್ರ ಇತ್ತು.

ನನಗೆ ತಡೆಯಲಾಗಲಿಲ್ಲ. ಕೊಂಬೆಯನ್ನು ತಬ್ಬಿಕೊಂಡೇ, "ಭಾವಾ, ಅವತ್ತು ನಾ ಒಂದೇ ಸುತ್ತು ಹಾಕಿದ್ದೆ" ಎಂದೆ.

"ಗೊತ್ತಿತ್ತು. ಮೇಲೆ ಕೂತವಂಗೆ ಕೆಳಗಿದ್ದು ಕಾಣ್ತದೆ."

"ಮತ್ತೆ ಯಾಕೆ ಕೊಯ್ದ್ರಿ?"

"ನೋಡುವಷ್ಟೊತ್ತಿಗೆ ಗರಗಸ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಕೂಗ್ದೆ. ನೀ ಅಕ್ಕೋರ ಹತ್ರ ಮಾತಾಡ್ತಿದ್ದೆ."

ಕೂಗಿದ್ದನಂತೆ. ಅದು ನನಗೆ ಗೊತ್ತೇ ಇರಲಿಲ್ಲ. ಹಾಗಾದರೆ ಎಲ್ಲರಿಗೂ ಟೊಳ್ಳು ಎಂದು ಯಾಕೆ ಹೇಳಿದಿರಿ ಎಂದು ಕೇಳಿದೆ.

"ಖರೇ ಹೇಳಿದ್ರೆ ನಿನ್ ಕೈ ಮತ್ತ್ಯಾರೂ ನಂಬ್ತಿರ್ಲಿಲ್ಲ. ನಂಗೆ ಆ ಕೈ ಬೇಕಿತ್ತು."

ಅಕ್ಕನಿಗೆ ಹೇಳಲೇ ಎಂದೆ. ಅದು ನಿನಗೆ ಬಿಟ್ಟದ್ದು, ತಾನು ಹೇಳುವುದೂ ಇಲ್ಲ, ಬೇಡ ಅನ್ನುವುದೂ ಇಲ್ಲ ಎಂದ. ಆಮೇಲೆ, ಮೊದಲು ಅಡಿಯಿಂದ ಒಂದಿಷ್ಟು ಕೊಯ್ದುಕೋ, ಇಲ್ಲದಿದ್ದರೆ ತೊಗಟೆ ಕಾಂಡದ ತನಕ ಹರಿದುಬರುತ್ತದೆ ಎಂದು ಕೆಲಸ ಹೇಳತೊಡಗಿದ. ನಾನು ಅಡಿಯಿಂದ ಕೊಯ್ದೆ.

ಏಳು ವರ್ಷ ಹಾಗೆ ದುಡಿದೆವು, ನಾನು ಮೇಲೆ, ಆತ ಕೆಳಗೆ. ಭಯ ಹೋಯಿತೆಂದು ಹೇಳಿದರೆ ಅದೂ ಸುಳ್ಳಾದೀತು. ನನ್ನ ಮೊಣಕಾಲು ಕೈಕೊಟ್ಟ ಮೇಲೆ ಕಾರವಾರಕ್ಕೆ ಬಂದು ಮಗಳ ಝೆರಾಕ್ಸ್ ಅಂಗಡಿಯಲ್ಲಿ ಕೂತೆ. ಭಾವ ಎರಡು ವರ್ಷದ ಹಿಂದೆ ಜ್ವರ ಬಂದು ತೀರಿಕೊಂಡ. ದಿನಕಾರ್ಯಕ್ಕೆ ಬಂದವರ ಮುಂದೆಯೂ ಅಕ್ಕ ನನ್ನ ಕೈ ತೋರಿಸಿ ಅದೇ ಕಥೆ ಹೇಳಿದಳು. ನಾನು ಎಲೆಯ ಮುಂದೆ ತಲೆ ತಗ್ಗಿಸಿ ಉಂಡೆ.

ಕಂಡಕ್ಟರು ಹೊಗಳಿದ ಆ ವಾರವೇ, ಭಾನುವಾರ ಬಸ್ಸು ಹತ್ತಿ ಹಟ್ಟಿಕೇರಿಗೆ ಹೋದೆ. ಅಕ್ಕ ಅಂಗಳದಲ್ಲಿ ಮುರುಗಲು ಸಿಪ್ಪೆ ಒಣಹಾಕುತ್ತಿದ್ದಳು. ನಿಂತಲ್ಲೇ ಎಲ್ಲ ಹೇಳಿದೆ. ಅವಳ ಕೈ ಸಿಪ್ಪೆ ಹರಡುತ್ತಲೇ ಇತ್ತು, ಕೊನೆಗೆ ನಿಂತಿತು. "ಅವ್ರೂ ಹೇಳ್ಲಿಲ್ಲ" ಎಂದಳು. ಆಮೇಲೆ, "ಊರೆಲ್ಲ ಹೇಳ್ಕಂಡ್ ಬಂದೆ ನಾ" ಎಂದು ಎದ್ದು ಒಳಗೆ ಹೋದಳು. ನಾನು ಜಗಲಿಯಲ್ಲಿ ಒಂದು ತಾಸು ಕೂತೆ. ಅವಳು ಹೊರಗೆ ಬರಲಿಲ್ಲ. ಅವಳ ಮನೆಯಿಂದ ನೀರೂ ಕುಡಿಯದೆ ಹಿಂದಿರುಗಿದ್ದು ಅದೇ ಮೊದಲು.

ಹನ್ನೆರಡು ದಿನ ಫೋನಿಲ್ಲ. ಮೊನ್ನೆ ಬಂತು. ಕೊಟ್ಟಿಗೆಯ ಮೇಲೆ ಹಲಸಿನ ಟೊಂಗೆ ಬಾಗಿದೆ, ನೀನು ಹತ್ತಬೇಡ, ಗೊತ್ತಿರುವವರನ್ನು ಕರೆತಂದು ಮುಂದೆ ನಿಂತು ಮಾಡಿಸು ಎಂದಳು. ಬೇರೆ ಏನೂ ಇಲ್ಲ. ನಿನ್ನೆ ಹೋಗಿ ಮಾಡಿಸಿದೆ. ಕೆಲಸದವರು ಹೋದ ಮೇಲೆ ಅವಳು ಒಂದು ಲೋಟ ಪಾನಕ ತಂದು ನನ್ನ ಮುಂದಿಟ್ಟು, ಎದುರಿಗೆ ಗೋಡೆಗೊರಗಿ ಕೂತಳು.

"ಅವತ್ತು ಅವ್ರಿಗೆ ಬಾಳ ನೋವಾಗಿತ್ತಾ? ನನ್ ಹತ್ರ ಎಂತದೂ ಇಲ್ಲ ಅಂದಿದ್ರು."

ಬಹಳ ನೋವಾಗಿತ್ತು ಎಂದೆ. ಅವರ್ಸಾದಿಂದ ಅಂಕೋಲೆಯ ತನಕ ಟವೆಲ್ಲನ್ನು ಹಲ್ಲಲ್ಲಿ ಕಚ್ಚಿಕೊಂಡೇ ಬಂದಿದ್ದ ಎಂದೆ. ಒಂದು ಸಲ ಮಾತ್ರ ಬಾಯಿಂದ ತೆಗೆದು, ಮನೆಗೆ ಹೇಳಿಕಳಿಸು, ಆದರೆ ಅವಳನ್ನು ಹೆದರಿಸಬೇಡ ಎಂದಿದ್ದ.

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಮುಖವನ್ನು ನನ್ನಿಂದ ತಿರುಗಿಸಲಿಲ್ಲ.

"ಮೊದ್ಲಿಂದ ಹೇಳು" ಎಂದಳು.

ಆ ಬೆಳಿಗ್ಗೆ ಗಂಜಿ ಉಂಡು ಮನೆಯಿಂದ ಹೊರಟಲ್ಲಿಂದ ಶುರುಮಾಡಿದೆ. ಊಟದ ಹೊತ್ತು ಮೀರಿತು. ಅಕ್ಕ ನಡುವೆ ಎದ್ದು ಹೋಗಲಿಲ್ಲ.