ಮಾರಪ್ಪ ಮೇಷ್ಟ್ರ ಹವಾಮಾನ

ಜಗಳೂರು ರಸ್ತೆಯ ಮೇಲೆ ಮೆಕ್ಕೆಜೋಳ ಒಣಹಾಕುವವರಿಗೆಲ್ಲ ಮಾರಪ್ಪ ಮೇಷ್ಟ್ರೇ ಹವಾಮಾನ ಇಲಾಖೆ. ನಿವೃತ್ತಿ ಅವರಿಗಾಯಿತು, ಅವರ ವಿಜ್ಞಾನದ ಪಾಠಕ್ಕಾಗಲಿಲ್ಲ. ಬೆಳಿಗ್ಗೆ ಸೈಕಲ್ ನಿಲ್ಲಿಸಿ, ಹಣೆಗೆ ಕೈ ಅಡ್ಡ ಹಿಡಿದು, ಮೋಡಗಳ ಹಾಜರಿ ತೆಗೆದುಕೊಳ್ಳುತ್ತಾರೆ. ರಸ್ತೆಯಂಚಿನಲ್ಲಿ ಚೀಲ ಬಿಚ್ಚಿ ನಿಂತ ಹನುಮಂತಮ್ಮ, "ಮೇಷ್ಟ್ರೇ, ಮಳೆ ಬರ್ತತೇನ್ರಿ?" ಎಂದರೆ ಹೌದು, ಇಲ್ಲ ಎಂಬ ಚಿಕ್ಕ ಉತ್ತರ ಅವರಿಂದ ಹೊರಡುವುದೇ ಇಲ್ಲ. "ನೋಡವ್ವಾ, ನಮ್ಮ ತಲೆ ಮ್ಯಾಲೆ ಹದಿನಾರು ಕಿಲೋಮೀಟರ್ ದಪ್ಪದ ಗಾಳಿ ಪದರ ಐತೆ. ಮಳೆ, ಗುಡುಗು ಎಲ್ಲಾ ತಯಾರಾಗಾದು ಅದರಾಗೇ. ನೆಲ ಕಾಯ್ತತೆ, ಬಿಸಿಗಾಳಿ ಆವಿ ಹೊತ್ಕಂಡು ಮ್ಯಾಲೆ ಹೋಗ್ತತೆ, ಅಲ್ಲಿ ತಣ್ಣಗಾಗಿ ಹನಿ ಕಟ್ತತೆ. ನಿನ್ನ ಅನ್ನದ ಪಾತ್ರೆ ಮುಚ್ಚಳ ತೆಗೆದು ನೋಡು!" ಹನುಮಂತಮ್ಮನಿಗೆ ಮುಚ್ಚಳಕ್ಕಿಂತ ಜೋಳದ ಚಿಂತೆ, ನೆನೆದು ಬೂಷ್ಟು ಹಿಡಿದರೆ ವರ್ಷದ ಬೆಳೆಯೇ ಹಾಳು. "ನಿಮ್ಮ ಪಾಠ ಮ್ಯಾಲೈತೆ ಮೇಷ್ಟ್ರೇ, ನನ್ನ ಜ್ವಾಳ ಕೆಳಗೈತೆ. ಹರವಲೋ, ಬ್ಯಾಡವೋ?" "ಹರವು, ಇವತ್ತು ಮಳೆ ಇಲ್ಲ!" ಎಂದು ತೀರ್ಪು ಕೊಟ್ಟು ಸೈಕಲ್ ಹತ್ತುತ್ತಾರೆ. ಹತ್ತರಲ್ಲಿ ನಾಲ್ಕು ಸಲ ಮಳೆ ಬಂದೇ ಬರುತ್ತದೆ. ಆದರೂ ಮರುದಿನ ಎಲ್ಲರೂ ಅವರನ್ನೇ ಕೇಳುತ್ತಾರೆ. ಏಕೆಂದರೆ 'ಮಳೆ ಇಲ್ಲ' ಎಂದು ಹೇಳಿದ ದಿನ ಮೇಷ್ಟ್ರು ಮನೆಗೆ ಹೋಗುವುದಿಲ್ಲ. ರಸ್ತೆಯ ತಿರುವಿನ ಬೇವಿನ ನೆರಳಲ್ಲಿ ಕೂತು ಸಂಜೆಯವರೆಗೂ ಆಕಾಶ ನೋಡುತ್ತಿರುತ್ತಾರೆ. ಒಣಹಾಕಲು ಹಿಡಿ ಜೋಳವೂ ಇಲ್ಲದ ಅವರ ಸೈಕಲ್ಲಿನ ಹಿಂದೆ ದೊಡ್ಡದೊಂದು ತಾಡಪಾಲು ಮಡಚಿಟ್ಟಿರುತ್ತದೆ.