ನಾನು ತಪ್ಪು ಹಾಕಿದ ‘ಬರ್ತೀನಿ’

ಬಿಸಿ ಜೆರಾಕ್ಸ್ ಹಾಳೆಗೆ ಒಂದು ವಾಸನೆ ಇರುತ್ತದೆ, ನಿಮಗೂ ಗೊತ್ತಿರಬಹುದು. ಇಸ್ತ್ರಿ ಮಾಡಿದ ಬಟ್ಟೆಯದ್ದಲ್ಲ, ಸುಟ್ಟ ಕಾಗದದ್ದೂ ಅಲ್ಲ, ಎರಡರ ನಡುವಿನದ್ದು. ಮೊನ್ನೆ ಹೊಸಪೇಟೆಯ ಬಸ್ ನಿಲ್ದಾಣದ ಹತ್ತಿರ ಏಳನೇ ತರಗತಿಯವರ ರಜೆಯ ಇಂಗ್ಲಿಷ್ ಅಭ್ಯಾಸದ ಹಾಳೆಗಳನ್ನು ಜೆರಾಕ್ಸ್ ಮಾಡಿಸುತ್ತ ನಿಂತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಶಾಲೆಗಳಿಗೆ ಬೀಗ ಬಿದ್ದಿದ್ದ ವರ್ಷ ನೆನಪಾಯಿತು. ಅದರ ಬೆನ್ನಿಗೇ ಬುಕ್ಕಸಾಗರದ ಒಬ್ಬ ಅಜ್ಜಿಯೂ ನೆನಪಾದಳು. ಇಷ್ಟು ವರ್ಷದ ಮೇಷ್ಟರಿಕೆಯಲ್ಲಿ ನನ್ನನ್ನು ಇಂಗ್ಲಿಷ್ ವ್ಯಾಕರಣದಲ್ಲಿ ಸೋಲಿಸಿದ್ದು ಆಕೆ ಒಬ್ಬಳೇ. ಆಕೆಗೆ ಎಬಿಸಿಡಿ ಬರುತ್ತಿರಲಿಲ್ಲ.

ಆಗ ನನ್ನ ಮನೆ ಕಮಲಾಪುರದಲ್ಲಿ, ಶಾಲೆ ಬುಕ್ಕಸಾಗರದ ಕಡೆ. ಪಾಠವನ್ನೆಲ್ಲ ಮೊಬೈಲಿನಲ್ಲಿ ಮಾಡಿ ಎಂದು ಮೇಲಿನವರು ಹೇಳಿದ್ದರು. ಮೊಬೈಲು ಮನೆಗೊಂದು. ಅದೂ ಅಪ್ಪನ ಜೇಬಿನಲ್ಲಿ ಕೂತು ತೋರಣಗಲ್ಲಿನ ಕಾರ್ಖಾನೆಗೆ ಹೋಗಿ, ಶಿಫ್ಟ್ ಮುಗಿಸಿಕೊಂಡು ಅಪ್ಪನ ಜೊತೆಗೇ ಮನೆಗೆ ಬರುತ್ತಿತ್ತು. ಹಾಗಾಗಿ ಪ್ರತಿ ಸೋಮವಾರ ನಾನೇ ಬೈಕಿಗೆ ಚೀಲ ನೇತುಹಾಕಿಕೊಂಡು ಮನೆಮನೆಗೆ ಹಾಳೆ ಹಂಚಿ, ಹಿಂದಿನ ವಾರದ ನೋಟ್‌ಬುಕ್ ತಂದು, ತಿದ್ದಿ ವಾಪಸು ಕೊಡುತ್ತಿದ್ದೆ. ಬಾಯಿಗೆ ಮಾಸ್ಕು, ಕೈಯಲ್ಲಿ ಕೆಂಪು ಪೆನ್ನು. ಆ ಪೆನ್ನಿನ ಬಗ್ಗೆ ನನಗೆ ತುಸು ಜಂಬವೂ ಇತ್ತು ಎಂದು ಒಪ್ಪಿಕೊಳ್ಳಬೇಕು.

ಮನೆಯಲ್ಲಿ ಕೂತು ಬರೆದ ಇಂಗ್ಲಿಷಿನ ರುಚಿಯೇ ಬೇರೆ. ತರಗತಿಯಲ್ಲಿ ನನ್ನ ಮುಖ ನೋಡಿಕೊಂಡು ಬರೆಯುವ ಮಕ್ಕಳು, ಮನೆಯಲ್ಲಿ ಒಲೆ ಮುಂದೆ ಕೂತು ಬರೆದರೆ ಅಡುಗೆಮನೆಯ ಮಾತುಗಳೆಲ್ಲ ಇಂಗ್ಲಿಷ್ ಅಂಗಿ ತೊಟ್ಟು ಬರುತ್ತಿದ್ದವು. ‘ಡೋಂಟ್ ಈಟ್ ಮೈ ಹೆಡ್’ ಎಂದು ಒಬ್ಬಳ ತಾಯಿ ಗದರುತ್ತಿದ್ದಳು. ಪಕ್ಕದ ಮನೆಯವರು ಟ್ರ್ಯಾಕ್ಟರ್ ತಂದದ್ದಕ್ಕೆ ಇನ್ನೊಬ್ಬನ ಮನೆಯಲ್ಲಿ ‘ಆಲ್ ಸ್ಟಮಕ್ಸ್ ಆರ್ ಬರ್ನಿಂಗ್’. ನಾನು ಒಬ್ಬನೇ ಕೂತು ಬಿದ್ದುಬಿದ್ದು ನಗುತ್ತಿದ್ದೆ, ನಕ್ಕಾದ ಮೇಲೆ ಒಂದನ್ನೂ ಬಿಡದೆ ತಪ್ಪು ಹಾಕುತ್ತಿದ್ದೆ. ನಗುವುದು ಬೇರೆ, ತಿದ್ದುವುದು ಬೇರೆ ಎಂಬುದು ಆಗಿನ ನನ್ನ ಸಿದ್ಧಾಂತ.

ಆಗಿನ ಏಳನೇ ತರಗತಿಗೆಲ್ಲ ಚುರುಕಾದ ಹುಡುಗಿ ಹುಲಿಗೆಮ್ಮ. ಅವಳ ಅಪ್ಪ ಹನುಮಂತಪ್ಪ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕಿದ್ದ. ತಾಯಿ ಇರಲಿಲ್ಲ. ಮನೆಯ ಆಡಳಿತವೆಲ್ಲ ಹನುಮಂತಪ್ಪನ ತಾಯಿಯದು, ಅಂದರೆ ನಾನು ಹೇಳಿದ ಆ ಅಜ್ಜಿಯದು. ಒಂದು ವಾರ ‘ನಿಮ್ಮ ಮನೆಯಲ್ಲಿ ಇಬ್ಬರು ಆಡಿದ ಮಾತನ್ನು ಐದು ಸಾಲಿನಲ್ಲಿ ಬರೆಯಿರಿ’ ಎಂದು ಕೊಟ್ಟಿದ್ದೆ. ಹುಲಿಗೆಮ್ಮ ಅಪ್ಪ ಕೆಲಸಕ್ಕೆ ಹೊರಡುವುದನ್ನು ಬರೆದಿದ್ದಳು. ಅಪ್ಪ ಹೊಸ್ತಿಲಲ್ಲಿ ನಿಂತು ‘ಐ ಆಮ್ ಕಮಿಂಗ್’ ಎನ್ನುತ್ತಾನೆ. ಅಜ್ಜಿ ‘ಕಮ್ ಕೇರ್‌ಫುಲಿ’ ಎನ್ನುತ್ತಾಳೆ. ಕೊನೆಯ ಸಾಲು, ‘ದೆನ್ ಫಾದರ್ ವೆಂಟ್’.

ಬರ್ತೀನಿ ಅಂದವನು ಹೋದ! ನಾನು ‘ಕಮಿಂಗ್’ ಮೇಲೆ ದಪ್ಪ ಗೀಟು ಎಳೆದು, ‘ಐ ಆಮ್ ಗೋಯಿಂಗ್’ ಎಂದು ತಿದ್ದಿ, ಪಕ್ಕದಲ್ಲಿ ‘ಹತ್ತು ಸಲ ಗಟ್ಟಿಯಾಗಿ ಓದಿ ಬರೆ’ ಎಂದು ಬರೆದೆ. ಜಾಣ ಮಕ್ಕಳನ್ನು ಕಂಡರೆ ಮೇಷ್ಟರುಗಳಿಗೆ ಹತ್ತು ಸಲ ಬರೆಸುವ ಹುಕಿ ಹೆಚ್ಚು.

ಮುಂದಿನ ಸೋಮವಾರ ಹುಲಿಗೆಮ್ಮನ ಮನೆಗೆ ಬೀಗ ಹಾಕಿತ್ತು, ನೋಟ್‌ಬುಕ್ ಸಿಗಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮೂರನೇ ವಾರ ಅವಳ ಗೆಳತಿ ಹೇಳಿದಳು: “ಆಕಿ ಇನ್ನ ಓದಂಗಿಲ್ಲಂತ್ರೀ ಸರ್. ಅವರಜ್ಜಿ ಜೋಡಿ ನಾಟಿ ಹಚ್ಚಾಕ ಹೊಂಟಾಳ.” ನನಗೆ ಸಿಟ್ಟು ಬಂತು. ಆ ವರ್ಷ ಭತ್ತದ ಗದ್ದೆಗೆ ಇಳಿದ ಹುಡುಗಿಯರಲ್ಲಿ ಎಷ್ಟೋ ಮಂದಿ ಶಾಲೆಗೆ ತಿರುಗಿ ಬರಲಾರರು ಎಂಬ ಭಯ ನಮಗೆಲ್ಲ ಇತ್ತು. ಇವಳೊಬ್ಬಳನ್ನು ಮಾತ್ರ ಬಿಡಬಾರದೆಂದು, ಬಾಲಕಿಯರ ಶಿಕ್ಷಣದ ಮೇಲೆ ಒಂದು ಭಾಷಣವನ್ನು ದಾರಿಯುದ್ದಕ್ಕೂ ತಯಾರಿಸಿಕೊಂಡು ಅವರ ಮನೆಗೆ ಹೋದೆ.

ನಟ್ಟನಡು ಮಧ್ಯಾಹ್ನ. ಹನುಮಂತಪ್ಪ ಊಟ ಮಾಡುತ್ತಿದ್ದ. ಹುಲಿಗೆಮ್ಮ ಬಾಗಿಲ ಮರೆಯಲ್ಲಿ ನಿಂತಿದ್ದಳು, ಕಾಲಿಗೆ ಇನ್ನೂ ಕೆಸರಿತ್ತು. “ಬರ್ರಿ ಸಾರ್, ಕುಂದ್ರಿ,” ಎಂದು ಅಜ್ಜಿ ಚಾಪೆ ಹಾಸಿ, ನನ್ನ ಭಾಷಣಕ್ಕೆ ಎಡೆಯೇ ಕೊಡದೆ ನೇರ ವಿಷಯಕ್ಕೆ ಬಂದಳು.

“ನನ ಮಗ ದಿನಾ ಬೆಂಕಿ ಮುಂದ ನಿಂದ್ರಾಂವ್ರೀ. ಅವ ಬೂಟು ಹಾಕ್ಕೊಳ್ಳೋ ಹೊತ್ತಿಗೆ ಈ ಹುಡುಗಿ ಹತ್ತು ಸರ್ತಿ ಅದೇನೋ ಒದರಿದ್ಲು. ಏನಲೇ ಹಂಗಂದ್ರ ಅಂತ ಕೇಳಿದೆ. ‘ಹೋಗ್ತೀನಿ’ ಅಂದಂಗ ಅಂದ್ಲು. ಹೊಸ್ತಿಲ ಮ್ಯಾಲ ನಿಂತು ಆಡೋ ಮಾತೇನ್ರೀ ಅದು? ಅದನ್ನ ಕಲ್ಸೋ ಓದು ನಮಗ ಬ್ಯಾಡ.”

ನಾನು ಮೆಲ್ಲಗೆ ವ್ಯಾಕರಣಕ್ಕೆ ಇಳಿದೆ. ಈ ಕಡೆಗೆ ಆದರೆ ಕಮಿಂಗ್, ಆ ಕಡೆಗೆ ಆದರೆ ಗೋಯಿಂಗ್ ಎಂದು ಕೈ ಮಾಡಿ ತೋರಿಸಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು: “ಅವ ತಿರುಗಿ ಬರಾಂವ ಹೌದೋ ಅಲ್ಲೋ?”

“ಹೌದ್ರಿ.”

“ಮತ್ತ ಬರ್ತೀನಿ ಅನ್ನೋದು ತಪ್ಪು ಹೆಂಗ ಆಕ್ಕೈತಿ?”

ಅಷ್ಟರಲ್ಲಿ ಹನುಮಂತಪ್ಪ ಕೈತೊಳೆದು, ಬೂಟು ಹಾಕಿ, ಕಮಲಾಪುರದಲ್ಲಿ ಕಂಪನಿ ಬಸ್ಸು ಹಿಡಿಯಲು ಎದ್ದ. ಹೊಸ್ತಿಲಿಗೆ ಬಂದವನು ನಿಂತೇಬಿಟ್ಟ. ನನ್ನ ಮುಖ ನೋಡಿದ, ತಾಯಿಯ ಮುಖ ನೋಡಿದ, ಗಂಟಲು ಸರಿಮಾಡಿಕೊಂಡ. ಬರ್ತೀನಿ ಅನ್ನೋಣವೆಂದರೆ ಮೇಷ್ಟ್ರು ಅದಕ್ಕೆ ತಪ್ಪು ಹಾಕಿದ್ದಾರೆ. ಮೇಷ್ಟ್ರು ಹೇಳಿದ್ದನ್ನು ಅನ್ನೋಣವೆಂದರೆ ಅವ್ವ ಎದುರಿಗಿದ್ದಾಳೆ. ಒಬ್ಬ ಮನುಷ್ಯ ತನ್ನ ಮನೆಯಿಂದ ಹೊರಡಲು ನನ್ನ ಅಪ್ಪಣೆಗೆ ಕಾದು ನಿಂತಿದ್ದ! ನನಗೆ ನಾಚಿಕೆಯಾಯಿತು, ನಿಜವಾಗಿ ನಾಚಿಕೆಯಾಯಿತು.

“ಸರ್, ನೀವ ಹೇಳ್ರಿ, ಅಪ್ಪ ಏನನ್ಬೇಕು?” ಹುಲಿಗೆಮ್ಮ ಕೇಳಿದಳು. “ಜಲ್ದಿ ಹೇಳ್ರಿ, ಬಸ್ಸು ತಪ್ತೈತಿ.”

“ಹೋಗಿ ಬರ್ತೀನಿ ಅನ್ರಿ,” ಎಂದೆ.

“ಇಂಗ್ಲಿಷಿನಾಗ?”

“ಐ ವಿಲ್ ಗೋ ಅಂಡ್ ಕಮ್.” ಇದು ನನ್ನ ಬಾಯಿಂದಲೇ ಬಂತು. ಈ ವಾಕ್ಯಕ್ಕೆ ನಾನು ಅದುವರೆಗೆ ಎಷ್ಟು ಮಕ್ಕಳ ಪುಸ್ತಕದಲ್ಲಿ ತಪ್ಪು ಹಾಕಿದ್ದೆನೋ ಲೆಕ್ಕವಿಲ್ಲ. ಹನುಮಂತಪ್ಪ ಹಗುರಾಗಿ ನಕ್ಕು, “ಬರ್ತೀನ್ರೀ ಸಾರ್, ಬರ್ತೀನಬೇ ಅವ್ವಾ,” ಎಂದು ತನ್ನ ಬೈಕು ಏರಿದ.

ಅಜ್ಜಿ ಒಳಗಿನಿಂದ ನೋಟ್‌ಬುಕ್ ತಂದು ನನ್ನ ಮುಂದೆ ಇಟ್ಟಳು. “ಆ ಹತ್ತು ಸಾಲು ನೀವ ಹೊಡದು ಹಾಕ್ರಿ.” ನಾನು ಹತ್ತೂ ಸಾಲು ಹೊಡೆದುಹಾಕಿದೆ. ಕೆಳಗೆ ಹೊಸ ವಾಕ್ಯ ಬರೆದು, ಸರಿ ಗುರುತು ಹಾಕಿ, ಸಹಿ ಮಾಡಿದೆ. ಅಜ್ಜಿ ಆ ಸಹಿಯನ್ನು ಸ್ವಲ್ಪ ಹೊತ್ತು ನೋಡಿ, “ಹಂಗಾದ್ರ ಓದ್ಲಿ,” ಎಂದಳು. ಭಾಷಣ ಚೀಲದಲ್ಲೇ ಉಳಿಯಿತು. ಮರುದಿನದಿಂದ ಹುಲಿಗೆಮ್ಮ ಗದ್ದೆಗೆ ಹೋಗಲಿಲ್ಲ.

ಪರೀಕ್ಷೆಯಲ್ಲಿ ಹೀಗೆ ಬರೆದರೆ ಅಂಕ ಹೋಗುತ್ತದೆ ಎಂದು ಈಗಲೂ ಮಕ್ಕಳಿಗೆ ಹೇಳುತ್ತೇನೆ. ಆದರೆ ಮನೆಯಲ್ಲಿ ಬರೆದದ್ದಕ್ಕೆ ತಪ್ಪು ಹಾಕುವ ಮುಂಚೆ, ಈ ಮಾತನ್ನು ನಿಮ್ಮಲ್ಲಿ ಯಾರು ಅಂತಾರೆ, ಯಾಕೆ ಅಂತಾರೆ ಎಂದು ಕೇಳುತ್ತೇನೆ. ಕೆಲಸ ನಿಧಾನವಾಗಿದೆ, ಇಂಗ್ಲಿಷ್ ಕೆಟ್ಟಿಲ್ಲ.

ಜೆರಾಕ್ಸ್ ಹಾಳೆಗಳನ್ನು ಕಟ್ಟಿಸಿಕೊಳ್ಳುವ ಹೊತ್ತಿಗೆ ಯಾಕೋ ತಡೆಯಲಾರದೆ ಹುಲಿಗೆಮ್ಮನಿಗೆ ಫೋನು ಮಾಡಿದೆ. ಪಿಯುಸಿ ಮುಗಿಸಿದ್ದಾಳೆ. ಹಿಂದಿನ ದಿನವಷ್ಟೇ ಬಳ್ಳಾರಿಯಲ್ಲಿ ನರ್ಸಿಂಗ್ ಸೀಟಿನ ಸಂದರ್ಶನಕ್ಕೆ ಹೋಗಿದ್ದಳಂತೆ. ಎಲ್ಲ ಇಂಗ್ಲಿಷಿನಲ್ಲೇ ಕೇಳಿದರಂತೆ, ಎಲ್ಲಕ್ಕೂ ಉತ್ತರ ಹೇಳಿದಳಂತೆ.

“ಎದ್ದು ಬರೋ ಮುಂದ ‘ಐ ವಿಲ್ ಗೋ ಅಂಡ್ ಕಮ್’ ಅಂದುಬಿಟ್ಟೆರೀ ಸರ್. ಎಲ್ಲಾರೂ ನಕ್ರು.”

“ಅಯ್ಯೋ! ಆಮ್ಯಾಲ?”

“ಒಬ್ಬ ಮೇಡಮ್ಮು ನಕ್ಕೋಂತ, ಯಾವಾಗ ಬರ್ತೀಯಮ್ಮಾ ಅಂತ ಕೇಳಿದ್ರು. ನೀವು ಸೀಟು ಕೊಟ್ಟ ದಿನಾನ ಬರ್ತೀನ್ರೀ ಅಂದೆ. ಸೋಮವಾರ ಬಾ ಅಂದಾರ್ರೀ.”